ತಿರುಗಿ ಬಂದ ಫ್ಯಾನು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹಲ್ಲಿನ ಡಾಕ್ಟರು ಠಾಣೆಗೆ ಬಂದರು. ದೂರನ್ನು ಮೂರು ಪುಟ ಟೈಪ್ ಮಾಡಿಸಿ ತಂದಿದ್ದರು. ಜೊತೆಗೊಂದು ಫೋಟೋ. ಅದನ್ನು ಅವರು ಎರಡೂ ಕೈಯಲ್ಲಿ ಹಿಡಿದಿದ್ದ ರೀತಿ ನೋಡಿ, ಕಾಣೆಯಾದವರು ಮನೆಯ ಹಿರಿಯರೇ ಇರಬೇಕೆಂದು ದಫೇದಾರ ಎದ್ದು ಕುರ್ಚಿ ಕೊಟ್ಟ.

"ವಯಸ್ಸೆಷ್ಟು ಸಾರ್?"

"ತೊಂಬತ್ತೊಂದು."

"ಅಯ್ಯೋ ಪಾಪ. ನಡೆದಾಡ್ತಿದ್ರಾ?"

"ಶೆಲ್ಫ್ ಮೇಲೇ ಇತ್ತು," ಎಂದು ಡಾಕ್ಟರು ಫೋಟೋವನ್ನು ಮೇಜಿನ ಮೇಲಿಟ್ಟರು. ಕಪ್ಪು ಮೈ, ಹಿತ್ತಾಳೆ ರೆಕ್ಕೆ, ಹಿತ್ತಾಳೆ ಬಲೆಯ ಒಂದು ಟೇಬಲ್ ಫ್ಯಾನು.

ದಫೇದಾರ ಕುರ್ಚಿಯನ್ನು ವಾಪಸ್ ತೆಗೆದುಕೊಳ್ಳುವ ಹಾಗಿರಲಿಲ್ಲ. ಒಳಗಿನಿಂದ ಇನ್‌ಸ್ಪೆಕ್ಟರ್ ಬಂದು ದೂರನ್ನು ಓದಿದರು. ಡಾಕ್ಟರ ಬಳಿ ಒಟ್ಟು ಅರವತ್ತೆರಡು ಹಳೆಯ ಫ್ಯಾನುಗಳಿದ್ದವು. ಅದರಲ್ಲಿ ಹದಿನಾಲ್ಕು ದವಾಖಾನೆಯ ಕಾಯುವ ಕೋಣೆಯ ಗೋಡೆಗೆ ಹೊಡೆಸಿದ ಶೆಲ್ಫಿನಲ್ಲಿದ್ದವು. ಪ್ರತಿ ಭಾನುವಾರ ಡಾಕ್ಟರು ಅವಕ್ಕೆ ಹತ್ತಿಯಲ್ಲಿ ಮೈ ಒರೆಸಿ, ಹಿತ್ತಾಳೆಗೆ ಮೇಣ ಹಚ್ಚುತ್ತಿದ್ದರು. ಸೋಮವಾರ ಸಂಜೆ ಆರಕ್ಕೆ ಬಾಗಿಲು ಹಾಕುವಾಗ ಎಣಿಸಿದರೆ ಹದಿಮೂರು.

"ಓಡ್ತಿತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಛೆ ಛೆ! ನಲವತ್ತು ವರ್ಷದಿಂದ ಯಾರೂ ಅದಕ್ಕೆ ಕರೆಂಟ್ ಕೊಟ್ಟಿಲ್ಲ. ಒಳಗಿರೋದು ಅಸಲಿ ತಂತಿ, ಅಸಲಿ ಬಟ್ಟೆ, ಅಸಲಿ ಧೂಳು."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಹನ್ನೆರಡೂ ಕಾಲಿಗೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಪೇದೆ ದವಾಖಾನೆಗೆ ಹೋಗಿ ಪಂಚನಾಮೆ ಮಾಡಿದರು. ಶೆಲ್ಫಿನ ಮೇಲೆ ಫ್ಯಾನಿನ ಬುಡದ ದುಂಡನೆಯ ಗುರುತು ಬಿಟ್ಟರೆ ಏನೂ ಸಿಗಲಿಲ್ಲ. ಬೀಗ ಮುರಿದಿರಲಿಲ್ಲ, ಕಿಟಕಿ ಸರಳು ಗಟ್ಟಿಯಾಗಿತ್ತು. ಪಂಚರಾಗಿ ಸಹಿ ಹಾಕಿದ ಇಬ್ಬರು ರೋಗಿಗಳಲ್ಲಿ ಒಬ್ಬನ ಕೆನ್ನೆ ಊದಿಕೊಂಡು ಅವನು ಹೇಳಿದ್ದು ಯಾರಿಗೂ ಅರ್ಥವಾಗದೆ, ದಫೇದಾರ ಅವನ ಹೆಸರನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ.

ನರ್ಸಮ್ಮನ ಹೇಳಿಕೆ ಚಿಕ್ಕದಾಗಿತ್ತು.

"ನಿನ್ನೆ ಯಾರ್ಯಾರು ಬಂದಿದ್ರು?"

"ಹಲ್ಲುನೋವಿನವರು."

"ಅನುಮಾನ ಬರೋ ಹಾಗೆ ಯಾರಾದ್ರೂ?"

"ಹಲ್ಲು ಕೀಳಿಸ್ಕೊಂಡು ಹೋಗೋರು ನೆಟ್ಟಗೆ ನಡೆದ್ರೆ ಸಾಕು ಸಾರ್. ಫ್ಯಾನ್ ಹೊರೋಕೆ ಯಾರಿಗೆ ತ್ರಾಣ ಇರುತ್ತೆ?"

ಬುಧವಾರ, ಗುರುವಾರ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ್ದಾಯಿತು. ಹಿತ್ತಾಳೆಯ ಆಸೆಗೆ ಕದ್ದಿರಬಹುದೆಂದು ಇನ್‌ಸ್ಪೆಕ್ಟರ ಲೆಕ್ಕ. ಯಾವ ಅಂಗಡಿಯಲ್ಲೂ ಒಂದು ರೆಕ್ಕೆಯ ಸುಳಿವೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಡಾಕ್ಟರು ಮತ್ತೆ ಬಂದರು. ಈ ಸಲ ಕಂಕುಳಲ್ಲಿ ಫ್ಯಾನೇ ಇತ್ತು. ಅದನ್ನು ಮೇಜಿನ ಮೇಲೆ ಕುಕ್ಕಿ, ಕುರ್ಚಿಗೆ ಕುಸಿದರು.

"ಸಿಕ್ತಲ್ಲ ಸಾರ್, ಒಳ್ಳೇದಾಯ್ತು," ಎಂದ ದಫೇದಾರ.

"ಏನು ಒಳ್ಳೇದು? ಇದು ತಿರುಗ್ತಾ ಇದೆ!"

ದಫೇದಾರ ಇನ್‌ಸ್ಪೆಕ್ಟರ ಮುಖ ನೋಡಿದ. ಇನ್‌ಸ್ಪೆಕ್ಟರ್ ಮಹಿಳಾ ಪೇದೆಯ ಮುಖ ನೋಡಿದರು. ಅವಳು ಸುಮ್ಮನೆ ವಯರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ತಿರುಗತೊಡಗಿತು. ಮೇಜಿನ ಮೇಲಿದ್ದ ಕಾಗದಗಳೆಲ್ಲ ಎದ್ದು ಹಾರಿದವು. ದಫೇದಾರ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಮುಂದೆ ಬಂದು ನಿಂತ.

"ಆರಿಸಿ! ಆರಿಸಿ ಮೊದಲು!" ಡಾಕ್ಟರು ಕೂಗಿಕೊಂಡರು. "ಹನ್ನೆರಡು ಗಂಟೆಗೆ ಒಂದು ಹಲ್ಲು ಕಿತ್ತು ಹೊರಗೆ ಬರ್ತೀನಿ, ಶೆಲ್ಫ್ ಮೇಲೆ ಇದು ಗಿರಗಿರ ತಿರುಗ್ತಾ ಇದೆ. ರೋಗಿಗಳೆಲ್ಲ ಗಾಳಿಗೆ ಮುಖ ಒಡ್ಡಿ ಕೂತಿದ್ದಾರೆ. ಒಳಗಿನ ಅಸಲಿ ತಂತಿ ಸುತ್ತನ್ನ ಬಿಚ್ಚಿ ಎಸೆದು ಹೊಸದು ಸುತ್ತಿದ್ದಾನೆ ಪಾಪಿ!"

"ಅಂದ್ರೆ, ಕದ್ದು ರಿಪೇರಿ ಮಾಡಿ ತಂದಿಟ್ಟಿದ್ದಾನೆ."

"ಹೌದು."

"ರಿಪೇರಿ ಮಾಡಿದ್ದಕ್ಕೆ ನಾನು ಯಾವ ಕಲಂ ಹಾಕ್ಲಿ ಡಾಕ್ಟ್ರೇ?"

"ಅದು ನಿಮ್ಮ ಕೆಲಸ. ಇನ್ನೊಂದು ವಿಷಯ. ಇದರ ಪಕ್ಕದಲ್ಲಿದ್ದ ಹಸಿರು ಫ್ಯಾನು ಈಗ ಇಲ್ಲ."

ಇನ್‌ಸ್ಪೆಕ್ಟರ್ ಎರಡನೆಯ ಕಳವನ್ನೂ ಕಡತಕ್ಕೆ ಸೇರಿಸಿದರು. ಅಷ್ಟರಲ್ಲಿ ಮಹಿಳಾ ಪೇದೆ ಫ್ಯಾನಿನ ಹಿಂಬದಿಗೆ ಮೂಗು ತಾಗಿಸಿ ನಿಂತಿದ್ದಳು.

"ಸಾರ್, ಇದಕ್ಕೆ ಬನ್ನಿನ ವಾಸನೆ ಇದೆ."

"ಊಟ ಮಾಡಿಲ್ವಾ ನೀನು?"

"ಮಾಡಿಲ್ಲ ಸಾರ್. ಆದ್ರೂ ಬನ್ನಿನದೇ."

ಇನ್‌ಸ್ಪೆಕ್ಟರ್ ಮೂಸಿದರು. ವಾರ್ನಿಶ್ ವಾಸನೆ, ಅದರ ಹಿಂದೆ ಸಣ್ಣಗೆ, ಸಂಶಯವೇ ಇಲ್ಲದ ಹಾಗೆ, ಬನ್ನು.

ಮೂರು ಗಂಟೆಗೆ ಬಸ್ ನಿಲ್ದಾಣದ ಹಿಂದಿನ ಮೋಟಾರ್ ರಿಪೇರಿಯವನನ್ನು ಕರೆಸಿ ಹಿಂಬದಿಯ ಮುಚ್ಚಳ ಬಿಚ್ಚಿಸಿದರು. ಅವನು ಟಾರ್ಚ್ ಬಿಟ್ಟು ನೋಡಿದ. ನೋಡುತ್ತಲೇ ಇದ್ದ. ತಾಮ್ರದ ತಂತಿಯ ಸುರುಳಿಗಳು ಬಾಚಿದ ತಲೆಯ ಹಾಗೆ ಒಂದರ ಪಕ್ಕ ಒಂದು ಮಲಗಿದ್ದವು. ಅವನ್ನು ಬಿಗಿದ ಬಿಳಿ ನೂಲಿನ ಗಂಟುಗಳು ಅಳೆದಿಟ್ಟಷ್ಟು ಸಮ.

"ಇದು ನಮ್ಮಂಥವರ ಕೈ ಅಲ್ಲ ಸಾರ್," ಅಂದ ಕೊನೆಗೆ. "ಹಳೇ ಫ್ಯಾನ್ ಫ್ಯಾಕ್ಟರಿಯೋರ ಕೈ. ಅದು ಮುಚ್ಚಿ ಎಷ್ಟು ಕಾಲ ಆಯ್ತು! ಈ ಗಂಟು ಹಾಕೋರು ಇನ್ನೂ ಇದ್ದಾರಾ?"

"ಬನ್ನಿನ ವಾಸನೆ ಯಾಕೆ?"

"ಸುತ್ತಾದ ಮೇಲೆ ವಾರ್ನಿಶ್‌ನಲ್ಲಿ ಅದ್ದಿ ಬಿಸಿಗೆ ಒಣಗಿಸಬೇಕು. ನಾವು ಬಲ್ಬ್ ಕೆಳಗೆ ಇಡ್ತೀವಿ. ಫ್ಯಾಕ್ಟರಿಲಿ ಒಲೆ ಇತ್ತು." ಅವನೂ ಮೂಸಿದ. "ಇವರಿಗೂ ಯಾವುದೋ ಒಲೆ ಸಿಕ್ಕಿದೆ."

ಊರಲ್ಲಿ ನಾಲ್ಕು ಬೇಕರಿಗಳಿದ್ದವು. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಮಹಿಳಾ ಪೇದೆ ಮತ್ತು ದಫೇದಾರ ಒಂದೊಂದಾಗಿ ವಿಚಾರಿಸಿದರು. ದಫೇದಾರ ಪ್ರತಿಯೊಂದರಲ್ಲೂ ಸಾಕ್ಷ್ಯಕ್ಕೆಂದು ಒಂದೊಂದು ಬನ್ನು ತಿಂದ. ಮೂರನೆಯದರಲ್ಲಿ ಅರ್ಧ ತಿಂದು ಮುಖ ಕಿವುಚಿದ.

"ಏನಯ್ಯಾ ಇದು, ಬಾಗಿಲು ನೆಕ್ಕಿದ ಹಾಗಿದೆ!"

ಬೇಕರಿಯವನ ಮುಖ ಬಾಡಿತು. "ನೀವೂ ಬೈಯೋಕೆ ಬಂದ್ರಾ? ಎರಡು ದಿನದಿಂದ ಗಿರಾಕಿಗಳದ್ದೂ ಇದೇ ಗೋಳು. ನಮ್ಮ ಚಿಕ್ಕಮ್ಮ ಸಾರ್. ಒಲೆ ಆರೋ ಹೊತ್ತಿಗೆ ಒಂದು ತಟ್ಟೇಲಿ ಏನೋ ಮೋಟಾರ್ ತಂದು ಇಡ್ತಾರೆ. ರಿಪೇರಿಗೆ ಬಂದಿದೆ ಅಂತಾರೆ. ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ, ನನ್ನ ಬೆಳೆಸಿದ್ದೇ ಅವರು."

"ಚಿಕ್ಕಮ್ಮ ಮೊದಲು ಏನು ಮಾಡ್ತಿದ್ರು?"

"ಫ್ಯಾನ್ ಫ್ಯಾಕ್ಟರಿಲಿ ಮೂವತ್ತೊಂದು ವರ್ಷ ಮೋಟಾರಿಗೆ ತಂತಿ ಸುತ್ತೋ ಕೆಲಸ. ಇಲ್ಲಿ ಎಲ್ರೂ ವೈಂಡಿಂಗ್ ಅಮ್ಮ ಅಂತಾರೆ."

ಮಹಿಳಾ ಪೇದೆ ಅಲ್ಲಿಂದ ನೇರ ದವಾಖಾನೆಗೆ ಹೋಗಿ ರೋಗಿಗಳ ಪುಸ್ತಕ ತೆರೆಸಿದಳು. ಬೇಕರಿಯ ಚಿಕ್ಕಮ್ಮ, ವಯಸ್ಸು ಅರವತ್ತೆಂಟು, ಕಟ್ಟುಹಲ್ಲು ಸಡಿಲ. ಒಟ್ಟು ಏಳು ಸಲ; ಕೊನೆಯ ಎರಡು ಈ ವಾರದವು. ಸೋಮವಾರ ಹನ್ನೊಂದೂವರೆ. ಶುಕ್ರವಾರ ಹನ್ನೊಂದೂವರೆ. ನರ್ಸಮ್ಮ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ, ಅವರ ಚಕ್ರದ ಚೀಲಾನ ಮೆಟ್ಟಿಲು ಇಳಿಸಿಕೊಟ್ಟವಳು ನಾನೇ! ಏನಮ್ಮ ಇಷ್ಟು ಭಾರ, ಕಲ್ಲಾ ಅಂದೆ. ಫ್ಯಾನು ಕಣಮ್ಮ ಅಂದ್ರು. ಇಬ್ರೂ ನಕ್ಕಿದ್ವಿ."

ಮಧ್ಯಾಹ್ನ ಎರಡೂ ಕಾಲಿಗೆ ಇನ್‌ಸ್ಪೆಕ್ಟರೂ ಸೇರಿ ಮೂವರೂ ಬೇಕರಿಯ ಮಹಡಿ ಹತ್ತಿದರು. ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಹಾಕಿದ ಮೇಜಿನ ಮುಂದೆ ವೈಂಡಿಂಗ್ ಅಮ್ಮ ಕೂತಿದ್ದರು. ಸಣ್ಣ ಮೈ, ಬಿಗಿದು ಕಟ್ಟಿದ ಬಿಳಿ ಕೂದಲು. ಬಲಗೈ ಒಂದು ಕೈಯಂತ್ರದ ಹಿಡಿ ತಿರುಗಿಸುತ್ತಿತ್ತು, ಎಡಗೈಯ ಎರಡು ಬೆರಳ ನಡುವೆ ಕೂದಲೆಳೆಯಂಥ ತಂತಿ ಹರಿಯುತ್ತಿತ್ತು. ಹಸಿರು ಫ್ಯಾನಿನ ಭಾಗಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿದ್ದವು. ಪಕ್ಕದ ಬಟ್ಟಲಲ್ಲಿ ಕಟ್ಟುಹಲ್ಲು.

"ನಾವು ಪೊಲೀಸರು," ಎಂದರು ಇನ್‌ಸ್ಪೆಕ್ಟರ್.

"ಇನ್ನೂರ ಹನ್ನೆರಡು," ಎಂದರು ಅಮ್ಮ.

"ಈ ಫ್ಯಾನು ನಿಮ್ಮದಾ?"

"ಇನ್ನೂರ ಹದಿಮೂರು." ಅಮ್ಮ ತಲೆಯೆತ್ತದೆ, ಹಿಡಿ ಬಿಟ್ಟು ಬೆರಳೊಂದನ್ನು ಎತ್ತಿದರು. ಮೂವತ್ತೊಂದು ವರ್ಷ ಮೇಲ್ವಿಚಾರಕರನ್ನೆಲ್ಲ ನಿಲ್ಲಿಸಿದ ಬೆರಳು ಅದು. ಇನ್‌ಸ್ಪೆಕ್ಟರ್ ಬಾಯಿ ಮುಚ್ಚಿದರು.

ಇನ್ನೂರ ಇಪ್ಪತ್ತೊಂಬತ್ತಕ್ಕೆ ದಫೇದಾರನ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರೂ ಮಹಿಳಾ ಪೇದೆಯೂ ಒಟ್ಟಿಗೇ ಅವನನ್ನು ದುರುಗುಟ್ಟಿ ನೋಡಿದರು. ಅವನು ಫೋನನ್ನು ಹೊಟ್ಟೆಗೆ ಅವುಚಿಕೊಂಡು ಆರಿಸಿದ. ಅಮ್ಮನ ಕೈ ನಿಂತಿತ್ತು.

"ಎಷ್ಟಕ್ಕೆ ಬಂದಿದ್ದೆ?" ಅವರು ಯಾರನ್ನೂ ನೋಡದೆ ಕೇಳಿದರು.

"ಇನ್ನೂರ ಇಪ್ಪತ್ತೊಂಬತ್ತು ಅಮ್ಮ," ದಫೇದಾರ ಪಿಸುಗುಟ್ಟಿದ. "ನಾನೂ ಎಣಿಸ್ತಾ ಇದ್ದೆ."

"ಜಾಣ."

ಇನ್ನೂರ ಅರವತ್ತಕ್ಕೆ ಸುರುಳಿ ಮುಗಿಯಿತು. ಅಮ್ಮ ನೂಲು ಬಿಗಿದು ಗಂಟು ಹಾಕಿ, ಹಲ್ಲು ತೊಳೆದು ಹಾಕಿಕೊಂಡು, ಕುರ್ಚಿ ತಿರುಗಿಸಿ ಕೂತರು. ಸಮಯ ಎರಡು ಗಂಟೆ ಮೂವತ್ತೊಂದು ನಿಮಿಷ.

"ಈಗ ಕೇಳಿ."

"ಫ್ಯಾನು ಕದ್ದಿದ್ದು ನೀವೇನಾ?"

"ತಂದಿದ್ದು ನಾನೇ. ಒಂದು ವಾಪಸ್ ಕೊಟ್ಟಿದೀನಿ."

"ಡಾಕ್ಟರನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಮೂರು ಸಲ ಕೇಳಿದೆ. ಮೂರು ಸಲಾನೂ ಅವರ ಕೈ ನನ್ನ ಬಾಯೊಳಗಿತ್ತು. ಆ, ಆ ಅಂತ ಬಂತು. ನೋವಾಗ್ತಿದೆಯಾ ಅಂದ್ರು."

ಅಷ್ಟರಲ್ಲಿ ಮಾಲು ಗುರುತಿಸಲು ಕರೆಸಿದ್ದ ಡಾಕ್ಟರು ಏದುಸಿರು ಬಿಡುತ್ತಾ ಬಂದರು. ಬಿಚ್ಚಿಟ್ಟ ಹಸಿರು ಫ್ಯಾನು ನೋಡಿ ಅವರಿಗೆ ಮಾತೇ ಹೊರಡಲಿಲ್ಲ. ಆಮೇಲೆ ಹೊರಟಾಗ ನಿಲ್ಲಲಿಲ್ಲ.

"ಇದನ್ನೂ ಬಿಚ್ಚಿದ್ರಾ? ಆ ಕಪ್ಪು ಫ್ಯಾನಿಂದು ತೊಂಬತ್ತೊಂದು ವರ್ಷದ ಅಸಲಿ ಸುತ್ತು! ಹಾಳು ಮಾಡಿಬಿಟ್ರಲ್ಲಮ್ಮಾ!"

ಅಮ್ಮ ಕಪಾಟಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಅವರ ಕೈಗಿಟ್ಟರು. "ಎಸೆದಿಲ್ಲ, ಅದರದ್ದೆಲ್ಲ ಕಟ್ಟಿಟ್ಟಿದೀನಿ. ಆದ್ರೆ ಅಸಲಿ ಅನ್ನಬೇಡಿ. ಮಧ್ಯದಲ್ಲಿ ಯಾವನೋ ಬಿಚ್ಚಿ ಸುತ್ತಿದ್ದಾನೆ. ನೋಡಿ, ಪ್ಲಾಸ್ಟಿಕ್ ದಾರ. ಅದೂ ನೆಟ್ಟಗೆ ಕಟ್ಟಿಲ್ಲ, ದನ ಕಟ್ಟಿದ ಹಾಗೆ ಕಟ್ಟಿದ್ದಾನೆ."

ಡಾಕ್ಟರು ಪೊಟ್ಟಣ ಬಿಚ್ಚಿ ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ನೋಡಿದರು. ದಾರ ಪ್ಲಾಸ್ಟಿಕ್ಕಿನದೇ ಆಗಿತ್ತು. ಅವರು ಕಿಟಕಿಯಿಂದ ತಿರುಗುವುದನ್ನು ಕಾಯದೆ ಇನ್‌ಸ್ಪೆಕ್ಟರ್ ಮುಂದಿನ ಪ್ರಶ್ನೆ ಹಾಕಿದರು.

"ಹಲ್ಲು ಸಡಿಲ ಅಂತ ಏಳು ಸಲ ಹೋಗಿದೀರಿ. ಫ್ಯಾನ್ ನೋಡೋಕಾ?"

"ಮತ್ತೆ? ಹಲ್ಲು ಮೊದಲನೇ ದಿನವೇ ಸರಿಯಾಗಿ ಕೂತಿತ್ತು."

ಡಾಕ್ಟರು ಸರಕ್ಕನೆ ತಿರುಗಿದರು. "ಸರಿಯಾಗಿತ್ತಾ? ನಾನು ಏಳು ಸಲ ಉಜ್ಜಿದೀನಿ!"

"ಅದಕ್ಕೇ ಈಗ ನಿಜವಾಗ್ಲೂ ಸಡಿಲ ಆಗಿದೆ," ಎಂದರು ಅಮ್ಮ.

ಮಹಿಳಾ ಪೇದೆ ನಗು ತಡೆಯಲಾರದೆ ಮೆಟ್ಟಿಲ ಕಡೆ ನಡೆದಳು. ಪಂಚರನ್ನು ಕರೆತರಲು ಹೋದದ್ದೆಂದು ಆಮೇಲೆ ಹೇಳಿದಳು.

ಜಪ್ತಿ ಪಂಚನಾಮೆ ನಾಲ್ಕು ಗಂಟೆಗೆ ಮುಗಿಯಿತು. ಸುತ್ತಿದ ಸುರುಳಿಗಳು ಎರಡು, ಸುತ್ತಬೇಕಾದವು ಎರಡು ಎಂದು ದಫೇದಾರ ಬರೆದ. ಡಾಕ್ಟರು ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಇದನ್ನ ಹೀಗೇ ಅರ್ಧಕ್ಕೆ ಬಿಡೋದಾ?"

"ಜಪ್ತಿ ಮಾಲು ಡಾಕ್ಟ್ರೇ. ಸಿಕ್ಕ ಸ್ಥಿತಿಯಲ್ಲೇ ಇರಬೇಕು. ಕೋರ್ಟು ಹೇಳಿದ ಮೇಲೆ ನಿಮ್ಮ ಕೈಗೆ."

"ಆಮೇಲೆ ಇವರೇ ಮುಗಿಸಬಹುದಾ?"

"ಅದನ್ನ ಅವರನ್ನೇ ಕೇಳಿ. ಈ ಸಲ ಕೈ ಹೊರಗಿಟ್ಟು ಕೇಳಿ."

ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ, ಮಹಿಳಾ ಪೇದೆಯ ಸಮಕ್ಷಮ, ವೈಂಡಿಂಗ್ ಅಮ್ಮನ ಬಂಧನವಾಯಿತು. ಜಾಮೀನಿಗೆ ಬೇಕರಿಯವನು ಅಂಗಡಿ ಮುಚ್ಚಿ ಓಡಿ ಬಂದಿದ್ದ. ಠಾಣೆಯಲ್ಲಿ ಕಾಗದಪತ್ರ ತಯಾರಾಗುವ ತನಕ ಅಮ್ಮ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಇನ್‌ಸ್ಪೆಕ್ಟರ್ ಕಡತ ಹಿಡಿದು ಎದುರಿಗೆ ಬಂದು ಕೂತರು.

"ಯಾಕಮ್ಮ ಮಾಡಿದ್ರಿ? ಮಾರೋಕಲ್ಲ, ಇಟ್ಕೊಳ್ಳೋಕಲ್ಲ. ಮತ್ತೆ ಯಾಕೆ?"

ಅಮ್ಮ ತಮ್ಮ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

"ಆರು ವರ್ಷ ಕಣ್ಣಿಗೆ ಪೊರೆ ಇತ್ತಪ್ಪ. ಮುಖ ಕಾಣ್ತಿತ್ತು, ಗೋಡೆ ಕಾಣ್ತಿತ್ತು, ತಂತಿ ಕಾಣ್ತಿರಲಿಲ್ಲ. ಹೋದ ತಿಂಗಳು ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿದ ತಕ್ಷಣ ನಮ್ಮ ಹುಡುಗನ ಅಂಗಿ ಗುಂಡೀಲಿ ಎಷ್ಟು ಎಳೆ ದಾರ ಇದೆ ಅಂತ ಎಣಿಸಿದೆ. ಎಂಟು. ಮಾರನೇ ದಿನ ಅಂಗಡಿ ಅಂಗಡಿ ಅಲೆದೆ, ಸುತ್ತೋಕೆ ಏನಾದ್ರೂ ಕೊಡಿ ಅಂತ. ಈಗ ಯಾರು ಸುತ್ತಿಸ್ತಾರಮ್ಮ, ಕೆಟ್ರೆ ಎಸೀತಾರೆ ಅಂದ್ರು. ಕಣ್ಣು ಬಂತು, ಕೆಲಸ ಇಲ್ಲ. ಡಾಕ್ಟರ ಗೋಡೆ ತುಂಬಾ ಹದಿನಾಲ್ಕು ಫ್ಯಾನು, ಒಂದೂ ತಿರುಗಲ್ಲ. ನಾನು ಎಷ್ಟು ದಿನ ತಡ್ಕೊಳ್ಲಿ?"

ಮಹಿಳಾ ಪೇದೆ ಒಂದು ಲೋಟ ನೀರು ತಂದು ಅಮ್ಮನ ಪಕ್ಕದಲ್ಲಿಟ್ಟಳು.

ಐದೂ ಕಾಲಿಗೆ ಕಡತದ ಕೊನೆಯ ಪುಟ ಬಂತು. ಅದರಲ್ಲಿ ಅಪರಾಧಕ್ಕೆ ಪ್ರೇರಣೆ ಎಂಬ ಒಂದು ಅಂಕಣವಿತ್ತು. ದಫೇದಾರ ಅಭ್ಯಾಸಬಲದಿಂದ ದುರಾಸೆ ಎಂದು ಬರೆಯಲು ಪೆನ್ನು ಊರಿದ್ದ. ಇನ್‌ಸ್ಪೆಕ್ಟರ್ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಸ್ವಲ್ಪ ಯೋಚಿಸಿ, ತಮ್ಮ ದುಂಡನೆಯ ಅಕ್ಷರದಲ್ಲಿ ತಾವೇ ಬರೆದರು: ಕಣ್ಣಿನ ಶಸ್ತ್ರಚಿಕಿತ್ಸೆ ಯಶಸ್ವಿಯಾದದ್ದು.