ಕಲ್ಲೇಶನ ಒದ್ದೆ ಶೂ

ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಹಾಸಿದ್ದ ಹಳೇ ಪೇಪರು ಇನ್ನೂ ಒದ್ದೆ. ಶೂ ಮಾತ್ರ ಮಾಯ!

ಕಲ್ಲೇಶ ಹಾಕಿದ ಕೂಗಿಗೆ ಗಿಣಿಗೇರಾದ ಅರ್ಧ ಓಣಿ ಬಾಗಿಲಿಗೆ ಬಂತು. ಸಂಜೆಯ ರೈಲಿಗೆ ಹೊರಡಬೇಕಾದ ಹುಡುಗ. ವಿಶ್ವ ಜೂನಿಯರ್ ಕೂಟದ ಸ್ಟೀಪಲ್‌ಚೇಸ್‌ಗೆ ಆಯ್ಕೆಯಾದವನು. ಅಡ್ಡಗಟ್ಟೆ ಹಾರಬೇಕು, ಸುತ್ತು ಸುತ್ತಿಗೂ ನೀರಿನ ಗುಂಡಿಗಿಳಿದು ಓಡಬೇಕು. ಕಾಲಿಗೆ ಪಳಗದ ಶೂ ಹಾಕಿ ನೀರಿಗಿಳಿದರೆ ಪಾದಕ್ಕೆ ಬೊಬ್ಬೆ ಗ್ಯಾರಂಟಿ. ವರ್ಷಗಟ್ಟಲೆ ಪಟ್ಟ ಪಾಡು ಅಲ್ಲಿಗೇ ಮುಗಿಯಿತು.

ಎ.ಎಸ್.ಐ. ಖುರ್ಷಿದಾ ಬಂದಳು. ಜೊತೆಗೆ ಕಾನ್‌ಸ್ಟೇಬಲ್ ಚಾಂದಸಾಬ. ಅವಳ ಬಾಡಿಗೆ ಮನೆಯೂ ಇದೇ ಊರಲ್ಲಿ. ಶೂ ಕಳುವಿಗೂ ಪೊಲೀಸರಾ ಎಂದು ಯಾರೋ ನಕ್ಕರು. ಅವಳು ನಗಲಿಲ್ಲ.

"ಒಳಗ ಯಾರ್‍ಯಾರು ಬಂದಿದ್ರು ಪಂಪಮ್ಮ?"

"ಸನ್ಮಾನ ಅಂತ ಎರಡು ದಿನದಿಂದ ಮಂದಿನೋ ಮಂದಿ ರೀ. ಕಸ ಹೊಡಿಯಾಕೂ ಪುರುಸೊತ್ತಿಲ್ಲ," ಎಂದು ಕಲ್ಲೇಶನ ತಾಯಿ ಕಣ್ಣೊರೆಸಿಕೊಂಡಳು. "ನಿನ್ನಿ ಸಂಜಿ ಪ್ರ್ಯಾಕ್ಟೀಸಿಗೆ ನೀರಾಗ ಜಿಗಿದು ಬಂದ. ಶೂ ತೊಯ್ದಿದ್ವು, ನಾನ ಫ್ಯಾನಿನ ಕೆಳಗ ಇಟ್ಟೆ. ಇವತ್ತ ಮುಂಜಾನಿ ಎದ್ದಾಗೂ ಅಲ್ಲೇ ಇದ್ವು. ಆಮ್ಯಾಲ ಬಂದವರು ಇಬ್ಬರ ರೀ. ಗಂಗಾವತಿ ರಫೀ, ಮತ್ತ ಕೊಪ್ಪಳದ ಶೂ ಅಂಗಡಿ ಬಸವಕುಮಾರ."

ರಫೀ ಆಯ್ಕೆಯ ಓಟದಲ್ಲಿ ಕಲ್ಲೇಶನ ಬೆನ್ನಿಗೇ ಬಂದವನು. ಕಲ್ಲೇಶ ತಪ್ಪಿದರೆ ಇವನಿಗೇ ಚಾನ್ಸು. ಓಣಿ ಆಗಲೇ ತೀರ್ಪು ಕೊಟ್ಟಾಗಿತ್ತು. ಹುಡುಗ ಬಟ್ಟೆಯ ಬ್ಯಾಗು ಎದೆಗವಚಿಕೊಂಡು ನಿಂತಿದ್ದ.

"ಬ್ಯಾಗ ತೆಗಿ," ಎಂದಳು ಖುರ್ಷಿದಾ.

"ಕಳ್ಳ ಅಂದವರ ಮುಂದ ತೆಗಿಯಂಗಿಲ್ಲ ರೀ."

ಖುರ್ಷಿದಾ ಬ್ಯಾಗಿನ ಮೇಲೆ ಕೈಯಾಡಿಸಿದಳು. ಒಳಗೆ ಶೂ! ಆದರೆ ಬಟ್ಟೆಯಲ್ಲಿ ಒಂದಿಷ್ಟೂ ತೇವವಿರಲಿಲ್ಲ. ಅವಳು ಸುಮ್ಮನೆ ಕೈ ತೆಗೆದಳು.

ಅಷ್ಟರಲ್ಲಿ ಸುದ್ದಿ ಕೇಳಿ ತಿರುಗಿ ಬಂದ ಬಸವಕುಮಾರ ಕಾರಿನಿಂದಿಳಿದ. "ನಾ ಕಣ್ಣಾರೆ ಕಂಡೀನ್ರಿ ಮೇಡಂ. ಕಾರ್ ಹತ್ತೂಮುಂದ ನೋಡಿದ್ರ, ಇವ ಶೂ ಒಯ್ದು ಮಾಳಿಗಿ ಮ್ಯಾಲ ಬಿಸಲಿಗೆ ಇಡಾಕತ್ತಿದ್ದ. ಆಮ್ಯಾಲ ಎಗರಿಸ್ಯಾನ. ಹೋಗ್ಲಿ ಬಿಡ್ರಿ, ನಾ ಕೊಟ್ಟ ಹೊಸಾವು ಅದಾವಲ್ಲ!"

ಹೊಸ ಶೂ ದೇವರ ಫೋಟೊದ ಕೆಳಗೆ ಮಿಂಚುತ್ತಿದ್ದವು.

* * *

ಖುರ್ಷಿದಾ ಒಬ್ಬಳೇ ಮಾಳಿಗೆ ಹತ್ತಿದಳು. ಹಿಂದಿರುಗಿ ಮೆಟ್ಟಿಲು ನೋಡಿದಳು. ಗೋಡೆಯ ಮೇಲೆ ಬೆರಳು ಎಳೆದಳು. ಬೆರಳು ಕಾಡಿಗೆಯಾಯಿತು. ಸಿಕ್ಕಿಬಿದ್ದೆಯಲ್ಲೋ ಅಣ್ಣಾ, ಎಂದುಕೊಂಡು ಕೆಳಗಿಳಿದಳು.

"ಬಸವಕುಮಾರ, ನಿಮ್ಮನ್ಯಾಗ ಒದ್ದಿ ಬಟ್ಟಿ ಎಲ್ಲಿ ಒಣಗಸ್ತೀರಿ?"

"ಮಾಳಿಗಿ ಮ್ಯಾಲ. ಯಾಕ್ರಿ?"

ಪಂಪಮ್ಮ ಅಳು ಮರೆತು ಬಾಯಿ ಹಾಕಿದಳು. "ನಮ್ಮೂರಾಗ ಹಂಗ ಹಾಕಿದ್ರ ಬಿಳಿ ಅಂಗಿ ಕರಿ ಕಂಬಳಿ ಆಗತೈತಿ!"

"ಕೇಳಿದ್ರಿ? ಫ್ಯಾಕ್ಟರಿ ಧೂಳು. ಇಲ್ಲಿ ಯಾರೂ ಹಸೀದು ಹೊರಗ ಒಣಗಸಂಗಿಲ್ಲ. ನನ್ನ ಯೂನಿಫಾರ್ಮೂ ಅಡಗಿ ಮನ್ಯಾಗ ಒಣಗತೈತಿ. ರಫೀನೂ ಹೊರಗಿನವ, ಗೊತ್ತಿಲ್ದ ಇಟ್ಟಿರಬಹುದು ಅಂತ ಮ್ಯಾಲ ಹೋಗಿ ನೋಡಿದೆ. ಎರಡು ದಿನದಿಂದ ಕಸ ಹೊಡದಿಲ್ಲ. ಮೆಟ್ಟಲ ತುಂಬ ಧೂಳು, ಅದರ ಮ್ಯಾಲ ನನ್ನ ಹೆಜ್ಜಿ ಬಿಟ್ರ ಇನ್ನೊಂದಿಲ್ಲ. ನೀವು ಕಂಡಿದ್ದು ಶುದ್ಧ ಸುಳ್ಳು."

ಬಸವಕುಮಾರ ತುಟಿ ಸವರಿಕೊಂಡ.

"ಇನ್ನೊಂದು ಮಾತು. ಹೊಸಾ ಶೂ ಕೊಟ್ಟೀರಿ. ಅದರ ಖಾಲಿ ಡಬ್ಬಿ ಮನ್ಯಾಗಿಲ್ಲ, ಎಲ್ಲಿ ಹೋತು?"

ಬಸವಕುಮಾರನ ಕಣ್ಣು ಕಾರಿನತ್ತ ಹರಿಯಿತು. ಚಾಂದಸಾಬ ಕಾರಿನ ಡಿಕ್ಕಿ ತೆಗೆದ. ಡಬ್ಬಿಯ ತಳ ನೆನೆದು ಉಬ್ಬಿತ್ತು. ಒಳಗೆ ಕಲ್ಲೇಶನ ಹಳೇ ಶೂ.

"ಎಷ್ಟು ಹೇಳಿದ್ರೂ ನಮ್ಮ ಶೂ ಹಾಕ್ಕೊಳ್ಳಲ್ಲ ಅಂದ ರೀ," ಬಸವಕುಮಾರನ ದನಿ ಇಳಿಯಿತು. "ಹಳೇವು ಇಲ್ಲಂದ್ರ ಹಾಕ್ಕೋತಾನ, ಟಿವ್ಯಾಗ ಕಾಣತಾವು ಅಂತ... ಅಂಗಡಿ ಮುಂದ ಬ್ಯಾನರೂ ಕಟ್ಟಸೀನಿ."

"ಛಲೋ ಆತು. ಠಾಣೆಗೆ ನಡೀರಿ, ಅಲ್ಲೂ ಒಂದು ಕಟ್ಟಸೋಣ."

* * *

ಗುಂಪು ತಲೆ ತಗ್ಗಿಸಿ ಕರಗಿತು. ಆಗ ರಫೀ ತಾನಾಗಿ ಬ್ಯಾಗು ಬಿಚ್ಚಿದ. ಒಳಗೆ ಅವನದೇ ಶೂ. ಸವೆದವು, ಒಣಗಿದವು.

"ನಿಂದೂ ನಂದೂ ಒಂದ ಅಳತಿ ಅಲ್ಲೇನಲೇ," ಎಂದ ಕಲ್ಲೇಶನಿಗೆ. "ನೀರಾಗ ಪಳಗ್ಯಾವು. ನಿನ್ನವು ಕೈ ಕೊಟ್ರ ಇರಲಿ ಅಂತ ತಂದಿದ್ದೆ."

ಕಲ್ಲೇಶ ಎರಡೂ ಜೊತೆ ಶೂ ತನ್ನ ಬ್ಯಾಗಿಗೆ ತುಂಬಿಕೊಂಡ.

"ಮೊದಲಿನ ಹೀಟಿಗೆ ನನ್ನವು ಹಾಕ್ಕೋತೀನಿ. ಫೈನಲ್‌ಗೆ ನಿನ್ನವು."

"ಫೈನಲ್ ಮುಟ್ಟತೀಯೇನು?"

"ನಿನ್ನ ಶೂ ಹಾಕ್ಕೋಬೇಕಲ್ಲಲೇ, ಮುಟ್ಟಲೇಬೇಕು."