ಸೆನ್ಸರ್ ಹಾಕದ ತಟ್ಟೆ

೨೦೦೪ರ ಜೂನ್ ೧೪, ಸೋಮವಾರ ಭೇಟಿ. ನವೆಂಬರ್ ೮ರಂದು ಜಗಳ. ಆಮೇಲೆ ಹನ್ನೊಂದು ದಿನ ಮೌನ. ಎಲ್ಲರ ಕೈಗೂ ಮೊಬೈಲು ಬಂದಿರದ ಕಾಲವದು.

“ಬಾಗಿಲು ಮುಚ್ರೀ!”

ಶಿವಮೊಗ್ಗದ ಆ ಸಣ್ಣ ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಸೇರಿದ ದಿನ, ಕತ್ತಲೆ ಕೋಣೆಯಲ್ಲಿ ತನುಜಾ ಕೇಳಿದ ಮೊದಲ ಮಾತು ಅದು. ಒಳನುಗ್ಗಿದ ಬೆಳಕಿಗೆ ಸಹಸಂಶೋಧಕ ಯೋಗರಾಜನ ಬೆಳಗಿನ ಶ್ರಮವೆಲ್ಲ ಮಾಸಿಹೋಗಿತ್ತು.

“ಸಾರಿ... ಏನು ನೋಡ್ತಿದ್ರಿ?”

“ಮೆದುಳಿನ ಕಾವಲು ಕೋಶಗಳನ್ನ. ಒಳಗೆ ಸೆನ್ಸರ್ ಇದೆ. ಕಿಣ್ವ ಕೆಲಸ ಮಾಡಿದಷ್ಟೂ ಹೊಳಿಯುತ್ತೆ. ಹೊಳೀತಿತ್ತು... ನೀವು ಬರೋವರೆಗೆ!”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ.

ಮುಂದಿನ ಐದು ತಿಂಗಳು ಒಂದೇ ಸೂಕ್ಷ್ಮದರ್ಶಕ, ಎರಡು ಸ್ಟೂಲು. ಭದ್ರಾವತಿಯಿಂದ ಅವನು ಬರುವ ಬಸ್ಸು ಮಲವಗೊಪ್ಪದಲ್ಲಿ ತಡವಾದರೆ ಅವಳು ಗಡಿಯಾರ ನೋಡುತ್ತಿದ್ದಳು. ಏಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ನವೆಂಬರ್ ೮. ಕೆರಳಿಸಿದ ಕೋಶಗಳಲ್ಲಿ ಕಿಣ್ವದ ಚಟುವಟಿಕೆ ಹೆಚ್ಚುತ್ತದೆ ಎಂಬ ಅವಳ ಮೊದಲ ಪ್ರಬಂಧ ಅಂದೇ ಅಂಚೆಗೆ ಹೋಗಬೇಕಿತ್ತು. ಮಾರ್ಗದರ್ಶಕ ಷಡಕ್ಷರಪ್ಪನವರೆದುರೇ ಯೋಗರಾಜ್ ಹೇಳಿದ:

“ಕಳಿಸ್ಬೇಡಿ ಸರ್. ಸೆನ್ಸರ್ ಹಾಕದ ಕೋಶಗಳೂ ಸ್ವಲ್ಪ ಹೊಳಿಯುತ್ತವೆ. ತನುಜಾ ಅವ್ರು ಆ ಹೊಳಪನ್ನ ಲೆಕ್ಕದಿಂದ ಕಳೆದಿಲ್ಲ. ಕಳೆದ್ರೆ ಏನು ಉಳಿಯುತ್ತೋ ಗೊತ್ತಿಲ್ಲ.”

ನನ್ನೊಬ್ಬಳಿಗೇ ಹೇಳಬಹುದಿತ್ತಲ್ಲ! ಸರ್ ಎದುರೇ ಏಕೆ?

ಪ್ರಬಂಧ ಅಂಚೆಗೆ ಹೋಗಲಿಲ್ಲ. ಅವಳು ಅವನೊಂದಿಗೆ ಮಾತು ಬಿಟ್ಟಳು.

೧೮ರ ಸಂಜೆ, ಸವಳಂಗ ರಸ್ತೆಯ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ತಾಯಿ ಶಂಕರಮ್ಮ ಅಂದರು: “ಮರ್ತೇಹೋಗಿತ್ತು ಕಣೆ. ನೀನು ಮದ್ವೆಗೆ ಹೋಗಿದ್ದ ಭಾನುವಾರ, ಅದೇ ಏಳನೇ ತಾರೀಕು, ನಿಮ್ಮ ಭದ್ರಾವತಿ ಹುಡುಗ ಬಂದಿದ್ದ. ಏನೋ ‘ತನುಜಾ ಅವ್ರಿಗೇ ಹೇಳ್ಬೇಕು’ ಅಂತ ಎರಡು ಗಂಟೆ ಕೂತಿದ್ದ ಮಾರಾಯ್ತಿ! ಕೊಟ್ಟ ಕಾಫಿ ಆರಿಹೋಯ್ತು.”

ತನುಜಾಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

ಮರುದಿನ ಅವಳು ಅವನ ಮುಂದೆ ಮೂರು ತಟ್ಟೆಗಳನ್ನಿಟ್ಟಳು: ಸುಮ್ಮನಿದ್ದ ಕೋಶಗಳು, ಕೆರಳಿಸಿದ ಕೋಶಗಳು, ಸೆನ್ಸರ್ ಹಾಕದ ಕೋಶಗಳು.

“ಮನೆಗೆ ಬಂದಿದ್ದನ್ನ ಯಾಕೆ ಹೇಳ್ಲಿಲ್ಲ?”

“ನೀವು ಮಾತಾಡಿದ್ರೆ ತಾನೆ... ನಿಮ್ಮ ಹೆಸರಲ್ಲಿ ತಪ್ಪು ಪೇಪರ್ ಹೋಗೋದಕ್ಕಿಂತ, ನನ್ನ ಮೇಲೆ ನಿಮಗೆ ದ್ವೇಷ ಬಂದ್ರೂ ವಾಸಿ ಅನ್ನಿಸ್ತು.”

“ಪೆದ್ದ! ದ್ವೇಷ ಆಗಿದ್ರೆ ಹೊಟ್ಟೆತುಂಬ ಉಂಡು ನಿದ್ದೆ ಮಾಡ್ತಿದ್ದೆ. ನೀನು ಅಂದ್ರೆ ನಂಗಿಷ್ಟ ಕಣೋ.”

ಮೊದಲ ಬಾರಿಗೆ ‘ನೀನು’!

“ಇನ್ನೊಂದ್ಸಲ ಹೇಳು, ತನುಜಾ...”

“ಮೊದ್ಲು ರೀಡಿಂಗ್ ತಗೋ. ಆಮೇಲೆ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.”

ಮೂರು ಸಲ ಅಳೆದರು. ಸೆನ್ಸರಿಲ್ಲದ ಕೋಶಗಳ ಹೊಳಪನ್ನು ಕಳೆದ ಮೇಲೂ, ಕೆರಳಿಸಿದ ಕೋಶಗಳಲ್ಲಿ ಕಿಣ್ವದ ಚಟುವಟಿಕೆ ಸುಮ್ಮನಿದ್ದವಕ್ಕಿಂತ ಒಂದೂವರೆ ಪಟ್ಟು ಹೆಚ್ಚಿತ್ತು.