ಒಂದಿಂಚೂ ಕದಲದ ದೋಣಿ

ಪಾದ ಮುಳುಗುವಷ್ಟು ನೀರು ಆಗಲೇ ದೋಣಿಯೊಳಗಿತ್ತು.

ದೊಡ್ಡ ಲಾಂಚು ಮತ್ತೆ ತಿರುಗಿ ಬರುತ್ತಿತ್ತು. ಮೊದಲ ಗುದ್ದಿಗೇ ನಮ್ಮ ದೋಣಿಯ ಪಕ್ಕೆ ಒಡೆದಿತ್ತು... ಇನ್ನೊಂದು ಬಿದ್ದರೆ ಕತೆ ಮುಗಿಯಿತು.

ಲಾಂಚಿನ ಮೇಲೆ ಸಫಾರಿ ಸೂಟಿನವನೊಬ್ಬ ಮೈಕ್ ಹಿಡಿದು ನಿಂತಿದ್ದ. ಕಂಪನಿಯ ಮನುಷ್ಯ. ದನಿ ಬೆಣ್ಣೆ.

"ಸಾರಿ ಬ್ರದರ್. ಸ್ಟಿಯರಿಂಗ್ ಕೈಕೊಡ್ತು. ಹಗ್ಗ ಎಸೀತೀವಿ, ಕಟ್ಕೊಳ್ಳಿ. ದಡಕ್ಕೆ ಎಳ್ಕೊಂಡು ಹೋಗ್ತೀವಿ."

ಹಗ್ಗ ಬಂದು ನನ್ನ ಕಾಲ ಬಳಿ ಬಿತ್ತು. ನಾನು ಮುಟ್ಟಲಿಲ್ಲ.

ಯಾಕೆ ಅಂತೀರಾ? ಕೇಳಿ.

ನಮ್ಮ ಕೆಳಗೆ, ಸಮುದ್ರದ ತಳದಲ್ಲಿ, ನೂರಾರು ವರ್ಷ ಹಳೆಯ ಹಡಗೊಂದು ಬಿದ್ದಿತ್ತು. ಅದನ್ನು ಮೊದಲು ಪತ್ತೆ ಮಾಡಿದ್ದು ದೋಣಿಯಲ್ಲಿ ನನ್ನ ಜೊತೆಗಿದ್ದ ಡೈವರಮ್ಮ ಮತ್ತು ಅವಳ ತಮ್ಮ. ಸಮುದ್ರದ ತಳಕ್ಕೆ ಧುಮುಕುವವಳು ಅಂತ ಡೈವರಮ್ಮ ಎಂದು ಹೆಸರಿಟ್ಟವನು ನಾನೇ. ಆ ತಮ್ಮ ಕಳೆದ ವರ್ಷ ಹಡಗಿನೊಳಗೆ ಹೋದವನು ವಾಪಸ್ ಬರಲಿಲ್ಲ. ಅಷ್ಟರಲ್ಲಿ ಹಡಗು ತನ್ನದು ಅಂತ ಈ ಲಾಂಚಿನ ಕಂಪನಿ ಕೇಸು ಹಾಕಿತು. ಗೆದ್ದರೆ ಒಳಗಿನ ಮಾಲಿಗಾಗಿ ಡೈನಮೈಟ್ ಇಟ್ಟು ಒಡೆಯುವ ಪ್ಲಾನು.

ಜಡ್ಜ್ ಒಂದು ಆದೇಶ ಕೊಟ್ಟಿದ್ದರು. ತೀರ್ಪಿನವರೆಗೆ ಡೈವರಮ್ಮನ ದೋಣಿ ಆ ಜಾಗ ಬಿಡಬಾರದು. ಬಿಟ್ಟರೆ ಹಕ್ಕೂ ಹೋಯಿತು. ದೋಣಿ ಕಾಯಲು ಅವಳ ವಕೀಲರು ನನ್ನನ್ನು ಕಳಿಸಿದ್ದರು. ಇಂಥ ತಲೆನೋವುಗಳೇ ನನ್ನ ಹೊಟ್ಟೆಪಾಡು.

ತೀರ್ಪು ಅವತ್ತೇ ಮಧ್ಯಾಹ್ನ.

"ಹಗ್ಗ ಕಟ್ಟೋಣ್ವಾ?" ಎಂದೆ.

"ನನ್ನ ತಮ್ಮ ಕೆಳಗಿದಾನೆ, ಅಣ್ಣ. ಅವನ ಮೂಳೆ ಸಮೇತ ಸಿಡಿಸ್ತಾರೆ ಇವರು."

"ಮುಳುಗ್ತೀವಿ."

"ಮುಳುಗಿದ್ರೆ ದೋಣಿ ಎಲ್ಲಿಗೆ ಹೋಗತ್ತೆ?"

ಬಗ್ಗಿ ನೋಡಿದೆ. ಅಲ್ಲಿಗೇ... ಹಡಗಿನ ಮೇಲಕ್ಕೇ!

"ಈಜು ಬರತ್ತಾ?" ಎಂದಳು.

"ಬಕೆಟ್ಟಲ್ಲಿ ಬಿಟ್ರೂ ಮುಳುಗ್ತೀನಿ."

ಲೈಫ್ ಜಾಕೆಟ್ ನನ್ನತ್ತ ಎಸೆದಳು. ಲಂಗರಿನ ಸರಪಳಿ ಬಿಗಿ ಮಾಡಿದಳು. ಆಮೇಲೆ ಕೊಡಲಿ ತೆಗೆದು ತನ್ನದೇ ದೋಣಿಯ ತಳಕ್ಕೆ ಎರಡು ಏಟು ಹಾಕಿದಳು.

ದೋಣಿ ನೇರ ಕೆಳಗಿಳಿಯಿತು.

ನಾವಿಬ್ಬರೂ ತೇಲುತ್ತಿದ್ದೆವು. ನಾನು ನೀರು ಕುಡಿದು, ಉಗುಳಿ, ಅವಳ ಭುಜ ಹಿಡಿದು ಒದ್ದಾಡುತ್ತಿದ್ದೆ. ಸಫಾರಿ ಮೇಲಿನಿಂದ ಸುಮ್ಮನೆ ನೋಡಿದ. ಹಗ್ಗ ಮತ್ತೆ ಎಸೆಯಲಿಲ್ಲ. ಮೈಕ್ ಆಫ್ ಮಾಡಿ ಡ್ರೈವರಿಗೆ ಏನೋ ಹೇಳಿದ. ಲಾಂಚಿನ ಮೂತಿ ನಿಧಾನವಾಗಿ ನಮ್ಮ ಕಡೆ ತಿರುಗಿತು... ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸೈರನ್ ಕೇಳಿತು. ಕಾವಲು ಬೋಟು. ಮೊದಲ ಗುದ್ದು ಬಿದ್ದ ಕೂಡಲೇ ಡೈವರಮ್ಮ ವೈರ್‌ಲೆಸ್‌ನಲ್ಲಿ ಕರೆದಿದ್ದಳು. ಲಾಂಚು ಏನೂ ಅರಿಯದ ಮಗುವಿನಂತೆ ಪಕ್ಕಕ್ಕೆ ಸರಿಯಿತು.

ಒದ್ದೆ ಬಟ್ಟೆಯಲ್ಲೇ ಕೋರ್ಟಿಗೆ ಹೋದೆವು.

"ದೋಣಿ ಜಾಗದಲ್ಲಿಲ್ಲ, ಸ್ವಾಮಿ," ಎಂದ ಕಂಪನಿಯ ವಕೀಲ.

ಜಡ್ಜ್ ನನ್ನನ್ನು ಕಟಕಟೆಗೆ ಕರೆದರು. "ಎಲ್ಲಿದೆ ದೋಣಿ?"

"ಅಲ್ಲೇ ಇದೆ, ಸ್ವಾಮಿ. ಲಂಗರು ಸಮೇತ. ಒಂದಿಂಚೂ ಕದಲಿಲ್ಲ."

"ಮುಳುಗಿದೆ, ಸ್ವಾಮಿ!" ವಕೀಲ ಎದ್ದು ನಿಂತ.

ಜಡ್ಜ್ ಕನ್ನಡಕ ತೆಗೆದರು. "ಜಾಗ ಬಿಡಬಾರದು ಅಂದಿದ್ದೆ. ತೇಲ್ತಾ ಇರಬೇಕು ಅಂದಿರಲಿಲ್ಲ. ಮುಳುಗಿದೋರ ಜಾಗಾನೂ ಜಾಗವೇ."

ಹಕ್ಕು ಅವಳಿಗೇ ಉಳಿಯಿತು. ಡೈವರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊರಗೆ ಮೆಟ್ಟಿಲ ಹತ್ತಿರ ಸಫಾರಿ ಕಾದಿದ್ದ. ನನ್ನ ಕಿವಿಯ ಬಳಿ ಬಗ್ಗಿದ. ಈಗಲೂ ಅದೇ ಬೆಣ್ಣೆಯ ದನಿ.

"ನಿನಗೆ ಈಜು ಬರಲ್ಲ ಅಂತ ಇವತ್ತು ಗೊತ್ತಾಯ್ತು. ನೆನಪಿಟ್ಕೋತೀನಿ."

"ಇಟ್ಕೊಳ್ಳಿ," ಎಂದೆ. "ಮುಳುಗಿಸಿದ್ರೂ ಜಾಗ ಬಿಡಿಸೋಕಾಗಲ್ಲ ಅಂತ ಜಡ್ಜ್ ಈಗ ತಾನೇ ಹೇಳಿದ್ರಲ್ಲ... ಅದನ್ನೂ ಜೊತೇಲಿ ಇಟ್ಕೊಳ್ಳಿ."